ಮೂರು ಸೆಂಟು, ಒಂದು ಬಿಂದು

ಕೊಡಗಿನಲ್ಲಿ ಸೆಂಟು ಎಂಬ ಮಾತಿಗೆ ಮೂರು ಅರ್ಥ. ಜಾಗದ ಮಾತಾದರೆ ಎಕರೆಯ ನೂರನೇ ಒಂದು ಪಾಲು. ಮಳೆಯ ಮಾತಾದರೆ ಇಂಚಿನ ನೂರನೇ ಒಂದು ಪಾಲು. ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ಕಾಫಿ ದರ ನೋಡುವವರಿಗೆ ಡಾಲರಿನ ನೂರನೇ ಒಂದು ಪಾಲು. ನೆಲ, ನೀರು, ಹಣ ಎಂದು ಅಳೆಯುವ ವಸ್ತು ಬೇರೆಯಾದರೂ ಲೆಕ್ಕ ಒಂದೇ: ನೂರು ಸೇರಿದರೆ ಮೇಲಿನದ್ದು ಒಂದು. ಸೆಂಟಿಮೀಟರಿನ ಸೆಂಟಿ, ಪರ್ಸೆಂಟಿನ ಸೆಂಟು ಎಲ್ಲವೂ ಲ್ಯಾಟಿನ್ ಭಾಷೆಯ ಅದೇ ನೂರಿನಿಂದ ಬಂದವು. ನಮ್ಮ ಶೇಕಡಾ ಹೇಳುವುದೂ ಅದನ್ನೇ. ಹಾಗಾಗಿ ಸೆಂಟಿನಿಂದ ಮೇಲಿನ ಮಾನಕ್ಕೆ, ಮೇಲಿನದರಿಂದ ಸೆಂಟಿಗೆ ಹೋಗುವಾಗಲೆಲ್ಲ ದಶಮಾಂಶ ಬಿಂದು ಎರಡು ಮನೆ ಜರುಗುತ್ತದೆ. ಯಾವ ಕಡೆಗೆ ಎಂಬಲ್ಲಿ ಹಲವರು ಎಡವುತ್ತಾರೆ; ಎಷ್ಟು ಮನೆ ಎಂಬಲ್ಲಿ ಇನ್ನಷ್ಟು ಜನ.

ಅದಕ್ಕೂ ಮೊದಲು, ಲೆಕ್ಕ ಶುರುವಾಗುವ ಮುನ್ನವೇ, ಬರೆಯುವಾಗ ಆಗುವ ತಪ್ಪೊಂದಿದೆ. ರಾತ್ರಿ ಒಂದು ಇಂಚು ಐದು ಸೆಂಟು ಮಳೆ ಬಂತು ಎನ್ನಿ. ಅದನ್ನು ಮಳೆ ಪುಸ್ತಕದಲ್ಲಿ 1.5 ಎಂದು ಬರೆದರೆ ಒಂದು ಇಂಚು ಐವತ್ತು ಸೆಂಟು ಎಂದಾಯಿತು. ಬರೆಯಬೇಕಾದದ್ದು 1.05. ಬಿಂದುವಿನ ಬಲಕ್ಕಿರುವ ಮೊದಲ ಮನೆ ಹತ್ತು ಸೆಂಟಿನ ಕಟ್ಟುಗಳದ್ದು, ಎರಡನೆಯದು ಬಿಡಿ ಸೆಂಟುಗಳದ್ದು. ಹತ್ತರ ಕಟ್ಟು ಒಂದೂ ಇಲ್ಲದಿದ್ದಾಗ ಅಲ್ಲಿ ಸೊನ್ನೆ ಕೂರಲೇಬೇಕು. ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ 45 ಸೆಂಟಿನ ತಪ್ಪು ಸಣ್ಣದಲ್ಲ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನವೇ ತಿರುಗಿಬಿಡಬಹುದು.

ಕಾಫಿ, ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ತಕ್ಕಡಿ 48.65 ಎಂದು ತೋರಿಸಿದರೆ ಅದು 48 ಕೆ.ಜಿ. 650 ಗ್ರಾಂ, 65 ಗ್ರಾಂ ಅಲ್ಲ. 3.075 ಎಂದರೆ ಮೂರು ಕೆ.ಜಿ. ಎಪ್ಪತ್ತೈದು ಗ್ರಾಂ, ಏಳುನೂರ ಐವತ್ತಲ್ಲ. ಒಂದು ಕೆ.ಜಿ.ಗೆ ಸಾವಿರ ಗ್ರಾಂ ಇರುವುದರಿಂದ ಬಿಂದುವಿನ ಬಲಕ್ಕೆ ಮೂರು ಮನೆ ಇರಬೇಕು. ಕಡಿಮೆ ಕಂಡರೆ ಕೊನೆಯಲ್ಲಿ ಸೊನ್ನೆ ತುಂಬಿಸಿ ಓದಿ: 48.65 ಎಂದರೆ 48.650. ತುಂಬಿಸುವುದು ಯಾವತ್ತೂ ಬಲತುದಿಯಲ್ಲಿ, ಬಿಂದುವಿನ ಪಕ್ಕದಲ್ಲಲ್ಲ. ಬಾಯಲ್ಲಿ ಹೇಳುವಾಗಲೂ ಬಿಂದುವಿನ ಆಚೆಯದನ್ನು ಬಿಡಿಬಿಡಿಯಾಗಿ ಹೇಳುವುದು ಒಳ್ಳೆಯದು. ‘ಪಾಯಿಂಟ್ ಇಪ್ಪತ್ತೈದು’ ಎಂದು ಕೇಳಿದ ಮಗು ಅದು ‘ಪಾಯಿಂಟ್ ಮೂರ’ಕ್ಕಿಂತ ದೊಡ್ಡದು ಅಂದುಕೊಳ್ಳುತ್ತದೆ. ‘ಪಾಯಿಂಟ್ ಎರಡು ಐದು’ ಎಂದರೆ ಆ ಗೊಂದಲ ಹುಟ್ಟುವುದೇ ಇಲ್ಲ.

ಹತ್ತರ ಲೆಕ್ಕವೇ ಇಲ್ಲದ ಕಡೆ ಬಿಂದು ಬಳಸುವುದು ಇನ್ನೂ ಅಪಾಯದ್ದು. ನಮ್ಮಲ್ಲಿ ಎಕರೆ-ಸೆಂಟು, ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ಎಕರೆ-ಗುಂಟೆ. ಎಕರೆಗೆ ನಲವತ್ತು ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆದುಕೊಂಡು, ಕೊಡಗಿನ ಅಭ್ಯಾಸದಂತೆ ಎರಡು ಎಕರೆ ಇಪ್ಪತ್ತು ಸೆಂಟು ಎಂದು ಓದಿದರೆ ಮೂವತ್ತು ಸೆಂಟು ಜಾಗ ಕಾಗದದ ಮೇಲೆ ಮಾಯವಾಗುತ್ತದೆ, ಏಕೆಂದರೆ ಅದು ನಿಜವಾಗಿ 2.50 ಎಕರೆ. ಐದು ಅಡಿ ಆರು ಇಂಚನ್ನು 5.6 ಎನ್ನುವುದು, ಒಂದೂವರೆ ಗಂಟೆಯನ್ನು 1.30 ಎಂದು ಬರೆದು ಕ್ಯಾಲ್ಕುಲೇಟರಿಗೆ ಹಾಕುವುದು, ಎಲ್ಲ ಇದೇ ಜಾತಿಯ ತಪ್ಪು. ಅಡಿಗೆ ಹನ್ನೆರಡು ಇಂಚು, ಆದ್ದರಿಂದ 5.5 ಅಡಿ. ಗಂಟೆಗೆ ಅರವತ್ತು ನಿಮಿಷ, ಆದ್ದರಿಂದ 1.5 ಗಂಟೆ. ನಡುವೆ ಬಿಂದು ಇಡುವ ಮುನ್ನ ಕೆಳಗಿನ ಮಾನ ಎಷ್ಟು ಸೇರಿದರೆ ಮೇಲಿನದ್ದು ಒಂದಾಗುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಹತ್ತು, ನೂರು, ಸಾವಿರ ಆಗಿದ್ದರೆ ಮಾತ್ರ ಬಿಂದು. ಉಳಿದ ಕಡೆ 2-20 ಎಂದು ಅಡ್ಡಗೆರೆ ಹಾಕಿ ಬರೆಯುವುದೇ ಕ್ಷೇಮ.

ಹತ್ತರ ಲೆಕ್ಕದ ಸೌಕರ್ಯ ನಮಗೆ ಸಿಕ್ಕಿ ಬಹಳ ಕಾಲವಾಗಿಲ್ಲ. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೂರು ರೂಪಾಯಿ ಐದಾಣೆಗೆ ಎಷ್ಟು ಪೈ ಎಂದರೆ 3ನ್ನು 192ರಿಂದ ಗುಣಿಸಿ, 5ನ್ನು 12ರಿಂದ ಗುಣಿಸಿ, ಎರಡನ್ನೂ ಕೂಡಿ 636 ಎನ್ನಬೇಕಿತ್ತು. ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ 1956ರಲ್ಲೇ ದೇಶದ ತೂಕ-ಅಳತೆಗಳನ್ನು ಮೆಟ್ರಿಕ್‌ಗೆ ತರುವ ಕಾಯ್ದೆಯೂ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಳಕೆಗೆ ಬಂತು. ಈಗ ಮೂರು ರೂಪಾಯಿ ಮೂವತ್ತೊಂದು ಪೈಸೆಯನ್ನು ಪೈಸೆ ಮಾಡಲು ಗುಣಾಕಾರ ಬೇಡ. 3.31ರ ಬಿಂದುವನ್ನು ಎರಡು ಮನೆ ಜರುಗಿಸಿ 331 ಎಂದರಾಯಿತು.

ಜರುಗುವುದು ಅಂದರೆ ಏನು? ಬಿಂದುವಿನ ಕೆಲಸ ಒಂದೇ: ಬಿಡಿ ಸ್ಥಾನ ಇಲ್ಲಿ ಮುಗಿಯಿತು ಎಂದು ತೋರಿಸುವುದು. ತಡಿಯಂಡಮೋಳ್ ಬೆಟ್ಟದ ಎತ್ತರ 1748 ಮೀಟರ್. ಇಲ್ಲಿ ಬಿಡಿ ಸ್ಥಾನದಲ್ಲಿ 8 ಕೂತಿದೆ, ಏಕೆಂದರೆ ನಾವು ಮೀಟರನ್ನು ‘ಒಂದು’ ಎಂದು ಒಪ್ಪಿಕೊಂಡಿದ್ದೇವೆ. ಕಿಲೋಮೀಟರನ್ನೇ ‘ಒಂದು’ ಎನ್ನುವುದಾದರೆ ಬಿಡಿ ಸ್ಥಾನಕ್ಕೆ 1 ಬರುತ್ತದೆ, ಬಿಂದು ಅದರ ಪಕ್ಕ ಹೋಗಿ ಕೂರುತ್ತದೆ: 1.748. ಬೆಟ್ಟ ಕುಗ್ಗಲಿಲ್ಲ, ಅಂಕಿಗಳ ಸಾಲು ಕೆಡಲಿಲ್ಲ. ಯಾವುದನ್ನು ಒಂದು ಎಂದು ಕರೆಯುತ್ತೇವೆ ಎಂಬುದಷ್ಟೇ ಬದಲಾಯಿತು. ಇದು ಮನಸ್ಸಿಗೆ ಬಂದರೆ ‘ಗುಣಿಸುವುದೋ ಭಾಗಿಸುವುದೋ’ ಎಂದು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ. ದೊಡ್ಡ ಕೊಳಗದಲ್ಲಿ ಅಳೆದರೆ ಕೆಲವೇ ಕೊಳಗ. ಸಣ್ಣ ಲೋಟದಲ್ಲಿ ಅಳೆದರೆ ಬಹಳ ಲೋಟ. ಮಾನ ದೊಡ್ಡದಾದಾಗ ಸಂಖ್ಯೆ ಚಿಕ್ಕದಾಗಬೇಕು, ಬಿಂದು ಎಡಕ್ಕೆ. ಮಾನ ಚಿಕ್ಕದಾದಾಗ ಸಂಖ್ಯೆ ದೊಡ್ಡದಾಗಬೇಕು, ಬಿಂದು ಬಲಕ್ಕೆ. ಸಂಖ್ಯೆ ಬೆಳೆಯಬೇಕೋ ಕುಗ್ಗಬೇಕೋ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಪೆನ್ಸಿಲ್ ಮುಟ್ಟಬೇಕು.

ಎಷ್ಟು ಮನೆ ಎಂಬುದಕ್ಕೆ ಶಾಲೆಯಲ್ಲಿ ಕಲಿಸುವ ಏಣಿ ಸಾಕು. ಮೇಲಿನಿಂದ ಕಿಲೋ, ಹೆಕ್ಟೋ, ಡೆಕಾ. ನಡುವೆ ಮೀಟರ್, ಗ್ರಾಂ ಅಥವಾ ಲೀಟರ್. ಕೆಳಗೆ ಡೆಸಿ, ಸೆಂಟಿ, ಮಿಲಿ. ಹೆಜ್ಜೆಗೊಂದು ಮನೆ. ಕಿಲೋದಿಂದ ಸೆಂಟಿಗೆ ಐದು ಹೆಜ್ಜೆ, ಆದ್ದರಿಂದ 1.748 ಕಿ.ಮೀ. ಎಂದರೆ 1,74,800 ಸೆಂ.ಮೀ. ಅಂಕಿ ಮುಗಿದ ಮೇಲೂ ಬಿಂದು ಮುಂದೆ ಹೋಗಬೇಕಿದ್ದರೆ ಖಾಲಿ ಮನೆಗಳಿಗೆ ಸೊನ್ನೆ. ಎಡಕ್ಕೆ ಹೋಗುವಾಗಲೂ ಹಾಗೆಯೇ: 75 ಗ್ರಾಂ ಏಲಕ್ಕಿ ಕೆ.ಜಿ.ಯಲ್ಲಿ 0.075. ಮಕ್ಕಳು ಎಣಿಕೆ ತಪ್ಪುವುದು ಸಾಮಾನ್ಯವಾಗಿ ನಿಂತ ಮೆಟ್ಟಿಲನ್ನೂ ಎಣಿಸುವುದರಿಂದ. ಎಣಿಸಬೇಕಾದದ್ದು ಹೆಜ್ಜೆಗಳನ್ನು, ಮೆಟ್ಟಿಲುಗಳನ್ನಲ್ಲ. ಮಿಲಿಯ ಕೆಳಗೆ ಮೈಕ್ರೋಗೆ ಇಳಿಯುವಾಗ ನಡುವೆ ಹೆಸರುಗಳಿಲ್ಲದಿದ್ದರೂ ಇಳಿಯುವುದು ಮೂರು ಮನೆ. ಮೇಲೆ ಕೆ.ಜಿ.ಯಿಂದ ಟನ್ನಿಗೂ ಮೂರೇ. ನಡುವೆ ನೂರು ಕೆ.ಜಿ.ಯ ಕ್ವಿಂಟಲ್ ಸಿಗುತ್ತದೆ.

‘ಮಾನ ದೊಡ್ಡದಾದರೆ ಸಂಖ್ಯೆ ಚಿಕ್ಕದು’ ಎಂಬುದನ್ನು ಕಣ್ಣು ಮುಚ್ಚಿ ನಂಬಿದವರು ದರದ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಮೆಣಸು ಕೆ.ಜಿ.ಗೆ 650 ರೂಪಾಯಿ ಎಂದಿಟ್ಟುಕೊಳ್ಳಿ. ಕೆ.ಜಿ.ಯಿಂದ ಕ್ವಿಂಟಲಿಗೆ ಹೋದರೆ ಮಾನ ದೊಡ್ಡದಾಯಿತು, ಆದರೆ ದರ 65,000ಕ್ಕೆ ಏರಿತು. ಇಲ್ಲಿ ನಿಯಮ ಮುರಿದಿಲ್ಲ. ಬದಲಾದ ಮಾನ ‘ಇಷ್ಟಕ್ಕೆ’ ಎಂಬ ಕಡೆ ಇದೆ, ಅಂದರೆ ಭಾಗಾಕಾರದ ಕೆಳಗೆ. ಕೆಳಗಿನದು ದೊಡ್ಡದಾದರೆ ದಿಕ್ಕು ತಿರುಗುತ್ತದೆ. ಲಂಡನ್ನಿನಲ್ಲಿ ರೋಬಸ್ಟಾ ಕಾಫಿಯ ದರ ಹೇಳುವುದು ಟನ್ನಿಗೆ ಇಷ್ಟು ಡಾಲರ್ ಎಂದು. ಅದು 4,000 ಇದ್ದರೆ ಕೆ.ಜಿ.ಗೆ ಮೂರು ಮನೆ ಎಡಕ್ಕೆ, 4 ಡಾಲರ್. ನಮ್ಮ 50 ಕೆ.ಜಿ. ಚೀಲದ ಲೆಕ್ಕದಲ್ಲಿ 200 ಡಾಲರ್. ಇದು ಬೇಳೆಯ, ಅಂದರೆ ಸಿಪ್ಪೆ ತೆಗೆದ ಕಾಫಿಯ ದರ. ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಯ ಚೀಲಕ್ಕೆ ನೇರವಾಗಿ ಹೊಂದಿಸಬಾರದು. ನ್ಯೂಯಾರ್ಕ್ ಅರೇಬಿಕಾಕ್ಕೆ ಹೇಳುವುದು ಪೌಂಡಿಗೆ ಇಷ್ಟು ಸೆಂಟು ಎಂದು. 300 ಇದ್ದರೆ ಮೊದಲು ಸೆಂಟಿನಿಂದ ಡಾಲರಿಗೆ ಎರಡು ಮನೆ ಎಡಕ್ಕೆ, ಪೌಂಡಿಗೆ 3 ಡಾಲರ್. ಒಂದು ಕೆ.ಜಿ.ಯಲ್ಲಿ 2.2046 ಪೌಂಡು, ಆದ್ದರಿಂದ ಕೆ.ಜಿ.ಗೆ ಸುಮಾರು 6.61 ಡಾಲರ್. ಎರಡು ಮಾರುಕಟ್ಟೆಯ 4,000 ಮತ್ತು 300 ಎಂಬ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ರೋಬಸ್ಟಾವೇ ದುಬಾರಿ ಎಂದು ಕಾಣುತ್ತದೆ. ಒಂದೇ ಮಾನಕ್ಕೆ ತಂದ ಮೇಲೆ ನಿಜ ತಿಳಿಯುತ್ತದೆ.

ಮೇಲೂ ಕೆಳಗೂ ಒಟ್ಟಿಗೆ ಬದಲಾದರೆ? ಮೆಣಸಿನ ಗುಣಮಟ್ಟ ಹೇಳುವಾಗ ಒಂದು ಲೀಟರ್ ಪಾತ್ರೆಯಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ನೋಡುತ್ತಾರೆ. ಲೀಟರಿಗೆ 550 ಗ್ರಾಂ ಇರುವ ಮೆಣಸು ಒಂದು ಘನ ಮೀಟರಿಗೆ ಎಷ್ಟು ಕೆ.ಜಿ.? ಗ್ರಾಂನಿಂದ ಕೆ.ಜಿ.ಗೆ ಮೂರು ಮನೆ ಎಡಕ್ಕೆ, ಲೀಟರಿನಿಂದ ಘನ ಮೀಟರಿಗೆ ಮೂರು ಮನೆ ಬಲಕ್ಕೆ. ಎರಡೂ ಕಳೆದುಹೋಗಿ ಬಿಂದು ಇದ್ದಲ್ಲೇ ಇರುತ್ತದೆ, 550 ಕೆ.ಜಿ. ಗೋದಾಮಿನಲ್ಲಿ ಎಷ್ಟು ಜಾಗ ಬೇಕು ಎಂದು ಅಂದಾಜು ಹಾಕುವವರಿಗೆ ಇದು ಒಳ್ಳೆಯ ಅನುಕೂಲ.

ವಿಸ್ತೀರ್ಣಕ್ಕೆ ಬಂದಾಗ ಏಣಿಯನ್ನು ಹಾಗೆಯೇ ಬಳಸುವಂತಿಲ್ಲ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ, ಅದೂ ಬುದ್ಧಿವಂತರಿಂದ. ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಕಾಫಿ ಕಣ 96 ಚದರ ಮೀಟರ್. ಚದರ ಸೆಂಟಿಮೀಟರಿನಲ್ಲಿ ಎಷ್ಟು? ಮೀಟರಿನಿಂದ ಸೆಂಟಿಗೆ ಎರಡು ಮನೆ ತಾನೇ ಎಂದು 9,600 ಬರೆದರೆ ತಪ್ಪು. ಉದ್ದ 1200 ಸೆಂ.ಮೀ., ಅಗಲ 800 ಸೆಂ.ಮೀ.; ಗುಣಿಸಿದರೆ 9,60,000. ಉದ್ದಕ್ಕೆ ಎರಡು ಮನೆ, ಅಗಲಕ್ಕೆ ಇನ್ನೆರಡು, ಒಟ್ಟು ನಾಲ್ಕು. ನಂಬಿಕೆ ಬರಬೇಕಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರಿನ ಚೌಕ ಬರೆದು, ಅದರ ಒಂದು ಅಂಚಿಗೆ ನೂರು ಸಣ್ಣ ಚೌಕ, ಅಂಥ ನೂರು ಸಾಲು ಎಂದು ಊಹಿಸಿಕೊಂಡರೆ ಸಾಕು. ಹತ್ತು ಸಾವಿರ ಎಂಬುದು ಕಣ್ಣಿಗೇ ಕಾಣುತ್ತದೆ.

ಹೆಕ್ಟೇರ್ ಹುಟ್ಟಿದ್ದೂ ಹೀಗೆಯೇ. ಹತ್ತು ಮೀಟರಿನ ಚೌಕಕ್ಕೆ ಆರ್ ಎಂದು ಹೆಸರು, ನೂರು ಚದರ ಮೀಟರ್. ಅದರ ನೂರು ಪಟ್ಟು, ಹೆಕ್ಟೋ-ಆರ್, ಹೆಕ್ಟೇರ್: ಹತ್ತು ಸಾವಿರ ಚದರ ಮೀಟರ್. ನೂರು ಹೆಕ್ಟೇರ್ ಸೇರಿದರೆ ಒಂದು ಚದರ ಕಿ.ಮೀ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ.; ಹೆಕ್ಟೇರಿನಲ್ಲಿ ಎರಡು ಮನೆ ಬಲಕ್ಕೆ, 4,10,200. ಚದರ ಮೀಟರಿಗೆ ಇನ್ನೂ ನಾಲ್ಕು ಮನೆ, 410.2 ಕೋಟಿ. ಕಿಲೋಮೀಟರಿನಿಂದ ಮೀಟರಿಗೆ ಮೂರು ಹೆಜ್ಜೆ, ಚದರದಲ್ಲಿ ಅದರ ಎರಡರಷ್ಟು, ಆರು: ಎಣಿಕೆ ತಾಳೆಯಾಯಿತು.

ಎಕರೆ ಈ ಏಣಿಗೆ ಸೇರಿದ್ದಲ್ಲ. ಒಂದು ಎಕರೆ 4,047 ಚದರ ಮೀಟರ್, 0.4047 ಹೆಕ್ಟೇರ್. ಇಂಥ ಕಡೆ ಬಿಂದು ಎಷ್ಟು ಜರುಗಿಸಿದರೂ ಉತ್ತರ ಬರುವುದಿಲ್ಲ. ಒಂದು ಗುಣಾಕಾರ ಬೇಕೇ ಬೇಕು. ಒಂದೇ ಸಾಕು, ಎರಡು ಬೇಡ. 35 ಸೆಂಟು ಜಾಗವನ್ನು ಚದರ ಮೀಟರಿಗೆ ತರಬೇಕಾದರೆ: ಸೆಂಟಿನಿಂದ ಎಕರೆಗೆ ಬಿಂದು ಎರಡು ಮನೆ ಎಡಕ್ಕೆ, 0.35. ಎಕರೆಯಿಂದ ಹೆಕ್ಟೇರಿಗೆ 0.4047ರಿಂದ ಗುಣಾಕಾರ, 0.1416. ಹೆಕ್ಟೇರಿನಿಂದ ಚದರ ಮೀಟರಿಗೆ ನಾಲ್ಕು ಮನೆ ಬಲಕ್ಕೆ, 1,416. ಹೊಳೆ ದಾಟುವ ಸೇತುವೆ ಒಂದೇ. ಈಚೆ ದಡದಲ್ಲೂ ಆಚೆ ದಡದಲ್ಲೂ ನಡಿಗೆಯೆಲ್ಲ ಬಿಂದುವಿನದು. ಮಳೆಗೆ ಆ ಸೇತುವೆ 25.4, ಒಂದು ಇಂಚಿನಲ್ಲಿರುವ ಮಿ.ಮೀ.ಗಳ ಸಂಖ್ಯೆ. ಒಂದು ಇಂಚು ಇಪ್ಪತ್ತು ಸೆಂಟು ಎಂದರೆ 1.20, 25.4ರಿಂದ ಗುಣಿಸಿದರೆ 30.48 ಮಿ.ಮೀ. ವರ್ಷಕ್ಕೆ 120 ಇಂಚು ಬಿದ್ದ ತೋಟಕ್ಕೆ ಮತ್ತೆ ಗುಣಿಸಬೇಕಾಗಿಲ್ಲ. 1.20ರಿಂದ 120ಕ್ಕೆ ಎರಡು ಮನೆ, ಆದ್ದರಿಂದ 30.48ರಿಂದ 3,048 ಮಿ.ಮೀ. ಹತ್ತಡಿ ನೀರು.

ಘನದಲ್ಲಿ ಹೆಜ್ಜೆಗೆ ಮೂರು ಮನೆ. ಮೀಟರಿನಿಂದ ಡೆಸಿಮೀಟರಿಗೆ ಒಂದು ಹೆಜ್ಜೆ, ಹಾಗಾಗಿ ಒಂದು ಘನ ಮೀಟರ್ ಸಾವಿರ ಘನ ಡೆಸಿಮೀಟರ್, ಮತ್ತು ಒಂದು ಘನ ಡೆಸಿಮೀಟರೇ ಒಂದು ಲೀಟರ್. ಇಪ್ಪತ್ತು ಮೀಟರ್ ಉದ್ದ, ಹದಿನೈದು ಅಗಲ, ಎರಡೂವರೆ ಆಳದ, ನೇರ ಅಂಚಿನ ಕೆರೆಯಲ್ಲಿ 750 ಘನ ಮೀಟರ್, ಅಂದರೆ ಏಳೂವರೆ ಲಕ್ಷ ಲೀಟರ್. ಮಳೆಯ ಲೆಕ್ಕವೂ ಇಲ್ಲಿಂದಲೇ ಸುಲಭವಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು 0.001 ಘನ ಮೀಟರ್, ಸರಿಯಾಗಿ ಒಂದು ಲೀಟರ್. ಮಿಲಿಗೆ ಎಡಕ್ಕೆ ಮೂರು ಮನೆ, ಲೀಟರಿಗೆ ಬಲಕ್ಕೆ ಮೂರು ಮನೆ, ಕೊನೆಗೆ ಏನೂ ಜರುಗಲಿಲ್ಲ. ಹಾಗಾಗಿ ಜಿಲ್ಲೆಯ ಮೇಲೆಲ್ಲ ಒಂದೇ ಸಮನೆ ಒಂದು ಮಿ.ಮೀ. ಮಳೆ ಬಿದ್ದರೆ 410.2 ಕೋಟಿ ಲೀಟರ್. ಒಂದು ಇಂಚು ಬಿದ್ದರೆ ಅದರ 25.4 ಪಟ್ಟು, ಸುಮಾರು 10,419 ಕೋಟಿ ಲೀಟರ್. ಪತ್ರಿಕೆಗಳು ಜಲಾಶಯಕ್ಕೆ ಬಳಸುವ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಘನ ಅಡಿಗೆ 28.317 ಲೀಟರಿನಂತೆ 2,831.7 ಕೋಟಿ ಲೀಟರ್. ಜಿಲ್ಲೆಯ ಮೇಲಿನ ಒಂದು ಇಂಚು ಮಳೆ 3.68 ಟಿಎಂಸಿ ಆಯಿತು. ಹಾರಂಗಿ ಜಲಾಶಯದ ಸಾಮರ್ಥ್ಯ 8.5 ಟಿಎಂಸಿ. ಬಿದ್ದ ನೀರೆಲ್ಲ ಹಾರಂಗಿಗೆ ಹೋಗುವುದಿಲ್ಲ, ಬಹಳಷ್ಟು ಇಂಗುತ್ತದೆ, ಬೇರೆ ಹೊಳೆಗಳಿಗೂ ಹರಿಯುತ್ತದೆ. ಆದರೂ ಮಳೆಮಾಪಕದ ಒಂದು ಇಂಚಿನ ಹಿಂದೆ ಎಷ್ಟು ನೀರಿದೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಅಲ್ಪವಿರಾಮ ದಾರಿ ತಪ್ಪಿಸುತ್ತದೆ. ನಮ್ಮ ಲಕ್ಷ-ಕೋಟಿ ಪದ್ಧತಿಯಲ್ಲಿ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಕಿಲೋ, ಮಿಲಿಗಳು ನೆಗೆಯುವುದು ಮೂರುಮೂರು. ಅಲ್ಪವಿರಾಮ ನೋಡಿ ‘ಒಂದು ಗುಂಪು ದಾಟಿದೆ’ ಎಂದು ಎಣಿಸುವವರಿಗೆ ಒಮ್ಮೆ ಎರಡು, ಒಮ್ಮೆ ಮೂರು ಮನೆ ಬಂದು ಲೆಕ್ಕ ಕೆಡುತ್ತದೆ. ಜರುಗಿಸುವಾಗ ಅಲ್ಪವಿರಾಮ ಎಲ್ಲ ತೆಗೆದು, ಕೆಲಸ ಮುಗಿದ ಮೇಲೆ ಹಾಕುವುದೇ ಸರಿ. ಕಾಫಿ ರಫ್ತಿನ ಕಾಗದ ನೋಡುವವರಿಗೆ ಇನ್ನೊಂದು ಎಚ್ಚರ ಬೇಕು. ಇಟಲಿ, ಜರ್ಮನಿಗಳಲ್ಲಿ ದಶಮಾಂಶಕ್ಕೆ ಬಳಸುವುದು ಅಲ್ಪವಿರಾಮವನ್ನು, ಸಾವಿರದ ಗುಂಪಿಗೆ ಬಿಂದುವನ್ನು. ಅಲ್ಲಿಯವರು ಬರೆದ 1,250 ಕೆ.ಜಿ. ಎಂದರೆ ಒಂದೂಕಾಲು ಕೆ.ಜಿ.

ಒಂದು ಮನೆ ತಪ್ಪಿದರೆ ಗಿಡಕ್ಕೇ ಏಟು ಬೀಳುವುದು ಔಷಧಿ ಸಿಂಪಡಣೆಯಲ್ಲಿ. ಶೇಕಡಾ ಒಂದರ ಬೋರ್ಡೊ ದ್ರಾವಣ ಎಂದರೆ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಕಾಫಿಯ ಎಲೆ ತುಕ್ಕು ರೋಗಕ್ಕೆ ಹೇಳುವ ಶೇಕಡಾ 0.5ಕ್ಕೆ ಅರ್ಧರ್ಧ ಕೆ.ಜಿ. 200 ಲೀಟರಿನ ಡ್ರಮ್ಮಿಗೆ ಅದರ ಎರಡರಷ್ಟು. ಬಿಂದು ಬಿಟ್ಟುಹೋಗಿ 5 ಎಂದು ಓದಿದರೆ ಡ್ರಮ್ಮಿಗೆ ಹತ್ತು ಕೆ.ಜಿ. ಮೈಲುತುತ್ತು, ಎಲೆ ಸುಡುತ್ತದೆ. ಸೊನ್ನೆ ಒಂದು ಹೆಚ್ಚಾಗಿ 0.05 ಆದರೆ ನೂರು ಗ್ರಾಂ. ಕೂಲಿ, ದಿನ, ಔಷಧಿ ಎಲ್ಲ ಹೋಗಿ ರೋಗ ಮಾತ್ರ ಉಳಿಯುತ್ತದೆ. ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು, ಎಂದು ಬರೆದಿದ್ದರೆ ಲೀಟರಿಗೆ ಅಷ್ಟು ಮಿಲಿಗ್ರಾಂ ಎಂದು ತಿಳಿದುಕೊಳ್ಳಬಹುದು: 50 ಪಿಪಿಎಂ ಎಂದರೆ ಲೀಟರಿಗೆ 50 ಮಿ.ಗ್ರಾಂ, ಡ್ರಮ್ಮಿಗೆ 10,000 ಮಿ.ಗ್ರಾಂ, ಬಿಂದು ಮೂರು ಮನೆ ಎಡಕ್ಕೆ ಬಂದು 10 ಗ್ರಾಂ. ಶೇಕಡಾ ಒಂದು ಹತ್ತು ಸಾವಿರ ಪಿಪಿಎಂಗೆ ಸಮ, ಆದ್ದರಿಂದ ಎರಡರ ನಡುವೆ ನಾಲ್ಕು ಮನೆ.

ಬರೆಯುವಾಗ .5 ಎಂದು ಬರಿ ಬಿಂದುವಿನಿಂದ ಶುರುಮಾಡಬೇಡಿ. ಒದ್ದೆ ಕೈಯ ಚೀಟಿಯಲ್ಲಿ ಮೊದಲು ಅಳಿಸುವುದು ಆ ಚುಕ್ಕಿಯೇ. 0.5 ಎಂದು ಬರೆದರೆ ಚುಕ್ಕಿ ಅಳಿಸಿದರೂ ಮುಂದಿನ ಸೊನ್ನೆ ಅನುಮಾನ ಹುಟ್ಟಿಸುತ್ತದೆ. ಔಷಧಿಯ ಚೀಟಿಯಲ್ಲಿ 5 ಎನ್ನಬೇಕಾದ ಕಡೆ 5.0 ಎಂದೂ ಬರೆಯಬಾರದು, ಚುಕ್ಕಿ ಹೋದರೆ 50 ಆಗುತ್ತದೆ. ಮಳೆ ಪುಸ್ತಕದಲ್ಲಿ ಮಾತ್ರ 1.20ರ ಕೊನೆಯ ಸೊನ್ನೆ ಇರಲಿ, ಸೆಂಟಿನವರೆಗೆ ಅಳೆದಿದ್ದೇವೆ ಎಂದು ಅದು ಹೇಳುತ್ತದೆ. ಇನ್ನು ಸಿಂಪಡಿಸುವವರ ಕೈಗೆ ಕೊಡುವ ಚೀಟಿಯಲ್ಲಿ ಶೇಕಡಾವೂ ಬೇಡ, ದಶಮಾಂಶವೂ ಬೇಡ. ಲೆಕ್ಕವೆಲ್ಲ ಮನೆಯಲ್ಲೇ ಮುಗಿಸಿ, ಡ್ರಮ್ಮಿನ ಮೈಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿ: 200 ಲೀಟರ್ ನೀರು, ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ.